ಕಟ್ಟಿ ಕಾಕಾ ಮತ್ತು ಸುಟ್ಟ ಎಲೆಗಳು

ಕಟ್ಟಿ ಕಾಕಾ ನಮ್ಮ ಮನೆಗೆ ಬಂದರೆ ಕರೆಗಂಟೆ ಒತ್ತುತ್ತಿರಲಿಲ್ಲ. ಗೇಟಿನ ಪಕ್ಕದ ಗುಲಾಬಿ ಗಿಡಗಳ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಎಲೆಯನ್ನು ತಿರುಗಿಸಿ ನೋಡುತ್ತ, ತಮ್ಮಷ್ಟಕ್ಕೆ ತಾವೇ ಮಾತಾಡಿಕೊಳ್ಳುತ್ತಿದ್ದರು. ಆ ಗೊಣಗಾಟ ಕೇಳಿದ ಮೇಲೆಯೇ ನಾನು ಚಹಾಕ್ಕೆ ನೀರಿಡುತ್ತಿದ್ದೆ.

ಧಾರವಾಡದ ಕಡೆಯವರು. ಅಹಮದಾಬಾದಿನ ವಟ್ವಾದ ಬಣ್ಣದ ಕಾರ್ಖಾನೆಯೊಂದರಲ್ಲಿ ಬಣ್ಣ ಹೊಂದಿಸುವ ಕೆಲಸ ಮಾಡಿ ನಿವೃತ್ತರಾಗಿ, ಚಾಂದ್‌ಖೇಡಾದಲ್ಲಿ ನಮ್ಮ ಕ್ವಾರ್ಟರ್ಸಿನ ಹಿಂದಿನ ಸೊಸೈಟಿಯಲ್ಲಿ ಹೆಂಡತಿಯೊಡನೆ ಇದ್ದರು. ಗುಜರಾತಿಗಳಿಗೂ ಅವರು ಕಾಕಾ, ನಮಗೂ ಕಾಕಾ; ಅವರ ಹೆಂಡತಿ ಕಾಕು. ಅಂಗಿಯ ಜೇಬಿನಲ್ಲಿ ಒಂದು ಭೂತಗನ್ನಡಿ, ಒಂದು ಸಣ್ಣ ಕತ್ತರಿ, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯ ಪುಟ್ಟ ಡಬ್ಬಿ. ಒಂದು ಗಿಡ ಕತ್ತರಿಸಿ ಇನ್ನೊಂದಕ್ಕೆ ಹೋಗುವ ಮುಂಚೆ ಕತ್ತರಿ ಒರೆಸಲೇಬೇಕು. "ರೋಗಾ ಗಾಳ್ಯಾಗ ಬರೋದಕ್ಕಿಂತ ನಮ್ಮ ಕೈಯಾಗ ಜಾಸ್ತಿ ಬರ್ತದ, ತಂಗಿ" ಎನ್ನುತ್ತಿದ್ದರು.

ನಾನು ತುಮಕೂರಿನವಳು. ಗಂಡನ ನೌಕರಿಯ ಹಿಂದೆ ಅಹಮದಾಬಾದಿಗೆ ಬಂದು, ಐದು ಗುಲಾಬಿ ಗಿಡ ನೆಟ್ಟು, ಐದಕ್ಕೂ ರೋಗ ಹತ್ತಿಸಿಕೊಂಡು ಕೂತಿದ್ದಾಗ ಸಿಕ್ಕವರು ಇವರು. ನನಗೆ ಎಲ್ಲ ರೋಗವೂ ಒಂದೇ ಥರ ಕಾಣುತ್ತಿತ್ತು. ಎಲೆ ಹಳದಿಯಾದರೆ ಗೊಬ್ಬರ ಹಾಕುವುದು, ಇಲ್ಲದಿದ್ದರೆ ನೀರು ಹಾಕುವುದು, ನನಗೆ ಗೊತ್ತಿದ್ದುದು ಅಷ್ಟೇ. ಮಳೆಗಾಲದಲ್ಲಿ ಅಂಚು ಕದಡಿದ ಕಪ್ಪು ಚುಕ್ಕೆ, ಅದರ ಸುತ್ತ ಹಳದಿ. ಚಳಿಗಾಲದಲ್ಲಿ ಎಳೆ ಚಿಗುರಿನ ಮೇಲೆ, ಮೊಗ್ಗಿನ ಕುತ್ತಿಗೆಯ ಮೇಲೆ ಹಿಟ್ಟು ಉದುರಿಸಿದಂಥ ಬೂದಿ. ಬೇಸಿಗೆಯಲ್ಲಿ ಎಲೆಯ ಅಡಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ. ಈ ಮೂರನ್ನು ಬೇರೆ ಬೇರೆಯಾಗಿ ಗುರುತಿಸಲು ಅವರು ನನಗೆ ಒಂದು ವರ್ಷ ಕಲಿಸಿದರು. ನಾನು ಮತ್ತೂ ತಪ್ಪುತ್ತಿದ್ದೆ.

ತಪ್ಪದೆ ಏನು ಮಾಡಲಿ? ಒಂದು ಸೆಪ್ಟೆಂಬರಿನಲ್ಲಿ ನನ್ನ ಗಿಡಗಳಿಗೆ ಕಪ್ಪು ಚುಕ್ಕೆ ಬಂದಿತ್ತು. "ಎಲಿ ಮ್ಯಾಲೆ ಒಂದ್ ಹನಿ ನೀರು ಬೀಳಬಾರದು. ಬುಡಕ್ಕಷ್ಟ ಹಾಕು. ಉದುರಿದ ಎಲಿ ಎಲ್ಲಾ ಆರಿಸಿ ಹೊರಗ ಒಗಿ" ಎಂದು ಹೇಳಿ ಹೋದರು. ಸಂಜೆ ಪಕ್ಕದ ಮನೆಯ ಹಂಸಾಬೆನ್ ತಮ್ಮ ಬಾಲ್ಕನಿಯಲ್ಲಿ ಪೈಪು ಹಿಡಿದು ಎಲೆಗಳನ್ನು ಉಜ್ಜಿ ಉಜ್ಜಿ ತೊಳೆಯುತ್ತಿದ್ದರು. ಕೇಳಿದರೆ, "ಕಾಕಾಏ ಕಹ್ಯುಂ!" ಕಾಕಾ ಅವರೇ ಹೇಳಿದ್ದಂತೆ.

ಮರುದಿನ ನಾನು ಬಿಡಲಿಲ್ಲ. "ಏನು ಕಾಕಾ, ನನಗೊಂದು ಹೇಳ್ತೀರ, ಅವರಿಗೊಂದು ಹೇಳ್ತೀರ?"

ಅವರು ನಕ್ಕರು. "ಆಕಿ ಗಿಡಾ ಸೂರಿನ ಕೆಳಗ ಅವ, ಮಳಿ ತಾಕೂದಿಲ್ಲ. ನುಸಿ ಹತ್ಯಾವ, ತೊಳದ್ರ ಹೋಗ್ತಾವ. ನಿನ್ನ ಗಿಡಕ್ಕ ನೀರ ಬಿದ್ರ ಚುಕ್ಕಿ ಹೆಚ್ಚಾಗ್ತದ. ನನ್ನ ಮಾತು ಬಾಯಿಪಾಠ ಮಾಡಬ್ಯಾಡ ತಂಗಿ, ಗಿಡಾ ನೋಡು."

ಅಂದಿನಿಂದ ನಾನು ಎದುರಾಡುವುದನ್ನು ಬಿಟ್ಟೆ. ಇವತ್ತು ಒಂದು ಹೇಳಿ ನಾಳೆ ಇನ್ನೊಂದು ಹೇಳಿದರೂ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ನನಗೆ ತಿಳಿಯುತ್ತಿಲ್ಲ ಅಷ್ಟೇ ಎಂದುಕೊಂಡೆ. ಆ ನಂಬಿಕೆಯೇ ಮುಂದೆ ನನ್ನ ಕಣ್ಣು ಕಟ್ಟಿತು.

ಮೂರನೆಯ ವರ್ಷದ ಮೇ ತಿಂಗಳು. ಬೆಳಗ್ಗೆ ಹತ್ತಕ್ಕೇ ರಸ್ತೆಯ ಮೇಲೆ ಜನರಿಲ್ಲದಂಥ ಬಿಸಿಲು. ಕಾಕಾ ಬಂದರು, ಎಲೆ ನೋಡಿದರು. "ಬೂದಿ ಬಂದದ. ಈ ಥಂಡ್ಯಾಗ ಬರೂದ. ಗಂಧಕದ ಪುಡಿ ಕಲಸಿ ಇವತ್ತ ಹೊಡಿ" ಎಂದರು.

ನನಗೆ ಬೂದಿ ಕಾಣಲಿಲ್ಲ. ಎಲೆಯ ಮೇಲೆ ಸಣ್ಣ ಹಳದಿ ಚುಕ್ಕಿಗಳಿದ್ದವು, ಅಷ್ಟೇ. ಥಂಡಿ ಎಂದದ್ದು ತಮಾಷೆ ಎಂದುಕೊಂಡು ನಕ್ಕೆ. ಅವರು ನಗಲಿಲ್ಲ. ಗಂಧಕವನ್ನು ಬಿಸಿಲುಗಾಲದಲ್ಲಿ ಹೊಡೆಯಬಾರದು, ಎಲೆ ಸುಡುತ್ತದೆ ಎಂದು ಜನವರಿಯಲ್ಲಿ ಅವರೇ ಹೇಳಿದ್ದು ನೆನಪಾಯಿತು. ಆದರೆ ಬಣ್ಣದ ಸಾವಿರ ಛಾಯೆಗಳನ್ನು ಬೇರ್ಪಡಿಸಿದ ಕಣ್ಣಿಗೆ ಕಂಡದ್ದು ನನಗೆ ಕಾಣಬೇಕೆಂದೇನಿದೆ?

ಹೊಡೆದೆ. ಮೂರು ದಿನದಲ್ಲಿ ಐದೂ ಗಿಡಗಳ ಎಲೆಗಳು ಅಂಚಿನಿಂದ ಕಂದುಬಣ್ಣಕ್ಕೆ ತಿರುಗಿ, ಹಪ್ಪಳದಂತೆ ಸುರುಟಿಕೊಂಡವು.

ಸುಟ್ಟ ಎಲೆಗಳನ್ನು ಮುಷ್ಟಿಯಲ್ಲಿ ಹಿಡಿದು ಅವರ ಮನೆಗೆ ಹೋದೆ. "ನೀವು ಹೇಳಿದ್ರಿ ಅಂತಲೇ ಹೊಡೆದೆ ಕಾಕಾ. ನೋಡಿ, ಏನಾಯ್ತು."

ಅವರು ಎಲೆಗಳನ್ನು ನೋಡಿ ಬೆಚ್ಚಿದರು. "ಬ್ಯಾಸಿಗ್ಯಾಗ ಗಂಧಕ? ಯಾವ ಹುಚ್ಚ ಹೇಳಿದ ನಿನಗ?"

"ನೀವೇ ಹೇಳಿದ್ದು!"

"ನಾನು? ನಾ ಹಂಗ ಹೇಳತೀನೇನು?"

"ಸುಳ್ಳು ಹೇಳಬೇಡಿ ಕಾಕಾ" ಎಂದುಬಿಟ್ಟೆ. ಆ ಮಾತು ಹೇಗೆ ಬಂತೋ. ಅವರು ನನ್ನನ್ನೇ ನೋಡುತ್ತ ನಿಂತರು. ಮುಖದಲ್ಲಿ ಸಿಟ್ಟಿರಲಿಲ್ಲ. ದಾರಿ ತಪ್ಪಿದವರು ಯಾರನ್ನು ಕೇಳಬೇಕೆಂದು ತಿಳಿಯದೆ ನಿಲ್ಲುತ್ತಾರಲ್ಲ, ಹಾಗಿತ್ತು.

ಕಾಕು ನನ್ನ ಕೈ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋದರು. ಬಾಗಿಲು ಮುಂದೆ ಮಾಡಿ, ಮೆಲ್ಲಗೆ ಹೇಳಿದರು: "ಸುಳ್ಳಲ್ಲ ತಂಗಿ. ಅವರಿಗೆ ಖರೇನ ನೆನಪಿಲ್ಲ. ವರ್ಷ ಆತು. ಡಾಕ್ಟರ್ ಗುಳಿಗಿ ಕೊಟ್ಟಾರ. ಮಂದಿಗೆ ಗೊತ್ತಾದ್ರ ಗಿಡಾ ತೋರಿಸಲಿಕ್ಕೆ ಯಾರೂ ಕರಿಯೂದಿಲ್ಲ ಅಂತ ನಾನ ಮುಚ್ಚಿಟ್ಟೆ."

ವರ್ಷ ಆಯಿತು! ಮನೆಗೆ ಬಂದು ಆ ಒಂದು ವರ್ಷವನ್ನು ಹಿಂದಕ್ಕೆ ಎಳೆದು ನೋಡಿದೆ. ಕಡ್ಡಿ ಒಣಗಿದಾಗ ಬಿಳಿ ತಿರುಳು ಕಾಣುವವರೆಗೆ ಕತ್ತರಿಸು ಎಂದದ್ದು ಸರಿಯೇ ಇರಬೇಕು. ಫೆಬ್ರವರಿಯಲ್ಲಿ ಎಲ್ಲ ಮೊಗ್ಗನ್ನೂ ಚಿವುಟಿ ಹಾಕಿಸಿದ್ದು? ಅದು ತಿಳಿದು ಹೇಳಿದ್ದೋ, ಮರೆತು ಹೇಳಿದ್ದೋ? ಗಿಡದ ರೋಗ ಗುರುತಿಸಲು ಕಲಿಸಿದವರ ಮುಂದೆ ದಿನಾ ಕೂತು ಚಹಾ ಕುಡಿದರೂ ಅವರಿಗೇನಾಗುತ್ತಿದೆ ಎಂದು ನನಗೆ ಗೊತ್ತಾಗಲಿಲ್ಲ.

ನಾನು ಕ್ಷಮೆ ಕೇಳಲು ಹೋಗುವಷ್ಟರಲ್ಲಿ ವಡೋದರಾದಿಂದ ಅವರ ಮಗಳು ಬಂದು ಇಬ್ಬರನ್ನೂ ಕರೆದುಕೊಂಡು ಹೋಗಿದ್ದಳು. ಮಳೆ ಬಿದ್ದ ಮೇಲೆ ಎರಡು ಗಿಡ ಸತ್ತವು, ಮೂರು ಬುಡದಿಂದ ಚಿಗುರಿದವು. ಅಕ್ಟೋಬರಿನಲ್ಲಿ ನಾನೇ ವಡೋದರಾಕ್ಕೆ ಹೋದೆ. ಸ್ಟೇಷನ್ನಿನಿಂದ ಉರಿಬಿಸಿಲಿನಲ್ಲಿ ನಡೆದು, ಮನೆ ಹುಡುಕಿ, ಬೆವರಿಳಿಸಿಕೊಂಡು ಒಳಗೆ ಬಂದೆ. ಕಾಕಾ ಕುರ್ಚಿಯಲ್ಲಿದ್ದರು. "ಆವೋ ಬೆನ್, ಬೇಸೋ" ಎಂದು ಗುಜರಾತಿಯಲ್ಲಿ ಸ್ವಾಗತಿಸಿದರು. ನನ್ನೊಡನೆ ಅವರು ಎಂದೂ ಗುಜರಾತಿ ಆಡಿದವರಲ್ಲ. ಗುರುತು ಸಿಕ್ಕಿಲ್ಲವೆಂದು ಕಾಕು ಕಣ್ಣಿನಲ್ಲೇ ಹೇಳಿದರು.

ಆದರೂ ಹೊರಡುವಾಗ ಅವರ ಕಾಲು ಮುಟ್ಟಿ, "ಅವತ್ತು ಹಾಗೆ ಅನ್ನಬಾರದಿತ್ತು ಕಾಕಾ, ನನ್ನದೇ ತಪ್ಪು" ಎಂದೆ.

ತಲೆಯ ಮೇಲೆ ಕೈಯಿಟ್ಟು, ಕನ್ನಡದಲ್ಲಿ, "ನಿಂದೇನ ತಪ್ಪ ಇಲ್ಲ ತಂಗಿ, ಬಿಸಲು ಭಾಳ ಇತ್ತು" ಎಂದರು.

ಯಾವ ಬಿಸಿಲು? ನಾನು ಆಗಷ್ಟೇ ನಡೆದು ಬಂದದ್ದೋ, ಮೇ ತಿಂಗಳದ್ದೋ? ಕಾಕುವಿನ ಮುಖ ನೋಡಿದೆ, ಅವರೂ ನನ್ನ ಮುಖ ನೋಡಿದರು. ಕೇಳೋಣವೆಂದು ತಿರುಗಿದರೆ ಕಾಕಾ ಕಿಟಕಿಯ ಕಡೆ ಮುಖ ಮಾಡಿದ್ದರು. ಆ ಚಳಿಗಾಲ ಮುಗಿಯುವ ಮುಂಚೆಯೇ ಅವರು ತೀರಿಹೋದರು. ಅವರು ಹೇಳಿದ್ದು ಯಾವ ಬಿಸಿಲೆಂದು ನನಗೆ ಇನ್ನೂ ತಿಳಿದಿಲ್ಲ.