ಬೂಟು ಬಿಚ್ಚದ ತಜ್ಞರು

ರೇಷ್ಮೆ ತಜ್ಞರೆಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಎಲ್ಲರೂ ಹಾಗಿರಲ್ಲ ಎಂದು ನನ್ನ ಗಂಡ ಸಮಾಧಾನ ಹೇಳುತ್ತಾರೆ. ಇರಬಹುದು, ನಮ್ಮ ಮನೆಗೆ ಬಂದವನು ಹಾಗೇ ಇದ್ದ.

ಶಿಡ್ಲಘಟ್ಟದ ಹತ್ತಿರದ ಹಳ್ಳಿಯಲ್ಲಿ ನಮ್ಮ ಅತ್ತೆ ಮದುವೆಯಾಗಿ ಬಂದಾಗಿನಿಂದ ರೇಷ್ಮೆ ಹುಳ ಸಾಕುತ್ತಾರೆ. ಅವರ ಹುಳದ ಮನೆಯ ಬಾಗಿಲಲ್ಲಿ ಬ್ಲೀಚಿಂಗ್ ಪುಡಿಯ ನೀರಲ್ಲಿ ನೆನೆಸಿದ ಗೋಣಿಚೀಲ ಸದಾ ಹಾಸಿರುತ್ತದೆ. ಮಾವನೂ ಕೈಕಾಲು ತೊಳೆಯದೆ ಒಳಗೆ ಹೋಗುವಂತಿಲ್ಲ. ಬೇರೆಯವರ ಹುಳದ ಮನೆ ಹೊಕ್ಕು ಬಂದವರಿಗೆ ಸ್ನಾನವಾಗದೆ ಪ್ರವೇಶವೇ ಇಲ್ಲ. ಈ ವಿಷಯಕ್ಕೆ ನೆಂಟರು ಮುನಿಸಿಕೊಂಡು ಹೋದದ್ದೂ ಉಂಟು. ಅತ್ತೆ ಕ್ಯಾರೇ ಅನ್ನಲಿಲ್ಲ.

ಹೋದ ವರ್ಷ ಹುಳ ಕೊನೆಯ ಸಲ ಪೊರೆ ಬಿಟ್ಟು ಎದ್ದ ದಿನ ರೇಷ್ಮೆ ಇಲಾಖೆಯ ಜೀಪಿನಲ್ಲಿ ಒಬ್ಬ ತಜ್ಞ ಬಂದ. ಹೆಸರಿನ ಮುಂದೆ ಡಾಕ್ಟರ್, ಹಿಂದೆ ಒಂದು ಸಾಲು ಡಿಗ್ರಿ. ಪಕ್ಕದೂರಲ್ಲಿ ಹಾಲುತೊಂಡೆ ಎಂಬ ಅಂಟುರೋಗ ಬಿದ್ದ ಹುಳ ನೋಡಿಕೊಂಡು ನೇರ ಬರುತ್ತಿದ್ದೇನೆ ಎಂದು ಅವನೇ ಹೇಳಿದ.

"ಬೂಟು ಬಿಚ್ಚಿ ಕಾಲು ತೊಳ್ಕೊಂಬಿಡಿ ಸಾರ್," ಎಂದರು ಅತ್ತೆ.

"ಅಮ್ಮಾ, ಇದನ್ನೆಲ್ಲ ಊರೂರಿಗೆ ಕಲಿಸೋನೇ ನಾನು," ಎಂದು ಅವನು ನಕ್ಕ.

ಅತ್ತೆ ಬಾಗಿಲಿಗೆ ಅಡ್ಡ ನಿಂತರು. ಚಿಂತಾಮಣಿಯ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವ ನಾನು ಬಾಯಿ ಹಾಕಿದೆ. "ಬಿಡಿ ಅತ್ತೆ, ಅಷ್ಟು ಓದಿರೋರು, ಅವ್ರಿಗೆ ಗೊತ್ತಿರಲ್ವಾ?"

ಅತ್ತೆ ನನ್ನ ಮುಖ ನೋಡಿ ಪಕ್ಕಕ್ಕೆ ಸರಿದರು. ಆ ಮಹಾಶಯ ಬೂಟುಗಾಲಲ್ಲೇ ಒಳಗೆ ಹೋದ. ತಟ್ಟೆ ತಟ್ಟೆಯಲ್ಲೂ ಹುಳ ಎತ್ತಿ ತಿರುವಿ ನೋಡಿದ. ಕಾಫಿ ಕುಡಿದು ಹೊರಟ.

ವಾರ ತುಂಬುವಷ್ಟರಲ್ಲಿ, ಗೂಡು ಕಟ್ಟಬೇಕಾದ ಹುಳ ಊದಿಕೊಂಡು, ಮುಟ್ಟಿದರೆ ಹಾಲಿನಂಥ ನೀರು ಒಸರತೊಡಗಿತು. ಅತ್ತೆ ಇಡೀ ಬೆಳೆಯನ್ನು ಗುಂಡಿಗೆ ಸುರಿದು ಸುಣ್ಣ ಹಾಕಿ ಮುಚ್ಚಿದರು.

ಅವನು ಮತ್ತೆ ಬಂದ. ಈ ಸಲ ಜಗಲಿಯಲ್ಲೇ ಕುಳಿತು ಬೆಳೆ ನಾಶದ ವರದಿ ಬರೆದ. ಕಾರಣ: ಸಾಕಾಣಿಕೆದಾರರಿಗೆ ಶುಚಿತ್ವದ ಅರಿವಿಲ್ಲದಿರುವುದು. ನಾಚಿಕೆಗೆಟ್ಟವನು, ಬರೆದ ಹಾಳೆಯನ್ನು ನನ್ನ ಮುಂದೆಯೇ ಹಿಡಿದ. "ನೀವು ಓದಿದೋರು ಮೇಡಂ, ಸಾಕ್ಷಿಗೆ ಒಂದು ಸೈನ್ ಹಾಕಿ," ಎಂದ. ಅದನ್ನು ಹರಿದು ಅವನ ಮುಖಕ್ಕೆ ಎಸೆಯಬೇಕಿತ್ತು. ಓದಿದವರಿಗೆ ಎದುರಾಡಿ ನನಗೆ ಅಭ್ಯಾಸವಿಲ್ಲ. ಹಾಕಿದೆ.

ಜೀಪು ಹೋದ ಮೇಲೆ ಅತ್ತೆ ಅವನು ಕೊಟ್ಟುಹೋದ ವರದಿಯ ನಕಲು ಹಿಡಿದುಕೊಂಡು ಬಂದು, "ಏನ್ ಬರ್ದವ್ರೆ, ಓದಮ್ಮ," ಎಂದರು. ಓದಿದೆ. ಅವರು ಕಾಗದದ ಕೆಳಗೆ ಬೆರಳಿಟ್ಟು ಕೇಳಿದರು:

"ಇದು ನಿನ್ ಸೈನೇನಮ್ಮ?"