ಕತ್ತರಿ ಬಿದ್ದ ಕಷಾಯದ ಲೇಬಲ್

ಮೊನ್ನೆ ಆಫೀಸಿನ ಬೀರುವಿನಲ್ಲಿ ಸ್ಟೇಪ್ಲರ್ ಹುಡುಕುತ್ತಿದ್ದೆ. ಹೊನ್ನಾಳಿಯ ನಮ್ಮ ಆಫೀಸಿನಲ್ಲಿ ಸ್ಟೇಪ್ಲರ್ ಎನ್ನುವುದು ಬೇಕೆಂದಾಗ ಸಿಗುವ ವಸ್ತುವಲ್ಲ. ಬದಲಿಗೆ ಕೈಗೆ ಸಿಕ್ಕಿದ್ದು ಒಂದು ಹಳೆಯ ಪೊಟ್ಟಣ. ಪ್ಲಾಸ್ಟಿಕ್ ಕವರಿನ ಬಾಯಿಗೆ ದಪ್ಪ ಕಾಗದದ ಲೇಬಲ್ ಮಡಚಿ ಪಿನ್ ಹೊಡೆದಿತ್ತು. ಲೇಬಲ್ಲಿನ ಕೆಳಭಾಗವನ್ನು ಯಾರೋ ಸೊಟ್ಟಸೊಟ್ಟಗೆ ಕತ್ತರಿಸಿದ್ದರು. ಯಾರೋ ಏನು, ನಾನೇ. ಮೂಗಿನ ಹತ್ತಿರ ಹಿಡಿದೆ. ಹುರಿದ ಕೊತ್ತಂಬರಿ ಬೀಜ, ಜೀರಿಗೆ, ಒಣಶುಂಠಿ. ವಾಸನೆ ಮುಕ್ಕಾಲು ಪಾಲು ಹಾರಿಹೋಗಿದ್ದರೂ ವಾರದಿಂದ ಕಾಡುತ್ತಿದ್ದ ನನ್ನ ಕೆಮ್ಮನ್ನು ಎಬ್ಬಿಸುವಷ್ಟು ಉಳಿದಿತ್ತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಅದರಲ್ಲಿ ಸ್ವಲ್ಪ ನಗುವಿನ ಪಾಲೂ ಇತ್ತು ಅನ್ನಿ.

ನಾನು ಕೆಲಸ ಮಾಡುವುದು ಹೆಂಗಸರ ಸಣ್ಣಪುಟ್ಟ ಉದ್ಯೋಗಗಳಿಗೆ ನೆರವಾಗುವ ಒಂದು ಚಿಕ್ಕ ಸಂಸ್ಥೆಯಲ್ಲಿ. ಬ್ಯಾಂಕ್ ಖಾತೆ ಮಾಡಿಸುವುದು, ನೋಂದಣಿಗೆ ಓಡಾಡುವುದು, ತರಬೇತಿ ಕೊಡಿಸುವುದು, ಹಪ್ಪಳ ಮಾಡುವವರನ್ನು ಹಪ್ಪಳ ಕೊಳ್ಳುವವರ ಮುಂದೆ ನಿಲ್ಲಿಸುವುದು. ನನ್ನ ಹುದ್ದೆಗೆ ‘ಸಂಪನ್ಮೂಲ ವ್ಯಕ್ತಿ’ ಎಂಬ ದೊಡ್ಡ ಹೆಸರಿದೆ. ಸವಳಂಗದ ಗಿರಿಜತ್ತೆಗೆ, ಅಂದರೆ ನಮ್ಮಪ್ಪನ ತಂಗಿಗೆ, ಇದನ್ನು ವಿವರಿಸಲು ಹೋಗಿ ಸುಸ್ತಾಗಿದ್ದೇನೆ. ಎಲ್ಲ ಕೇಳಿಸಿಕೊಂಡು ಅವಳು, “ಊರೋರ ಕೆಲಸ ಮಾಡಾಕೆ ನಿಂಗೆ ಸಂಬಳ ಕೊಡ್ತಾರೆ ಅನ್ನು. ನಾ ಬಿಟ್ಟಿ ಮಾಡ್ತೀನಿ, ಅಷ್ಟೇ” ಅಂದಿದ್ದಳು.

ಅದು ಜಂಬದ ಮಾತಲ್ಲ. ಬೀದಿಯಲ್ಲಿ ಯಾರಿಗೆ ಹೊಟ್ಟೆ ಉಬ್ಬರಿಸಿದರೂ ಅತ್ತೆಯ ಓಮದ ನೀರು, ಯಾವ ಮಗು ಕೆಮ್ಮಿದರೂ ಅವಳ ಹಿತ್ತಿಲ ದೊಡ್ಡಪತ್ರೆ. ಎಲೆಯನ್ನು ಹೆಂಚಿನ ಮೇಲೆ ಬಾಡಿಸಿ, ರಸ ಹಿಂಡಿ, ಜೇನುತುಪ್ಪ ಬೆರೆಸಿ ಕೊಡುತ್ತಿದ್ದಳು. ಎಲ್ಲವೂ ಗುಣವಾಗುತ್ತಿತ್ತು ಅಂತೇನಲ್ಲ. ಮಂಡಿನೋವಿಗೆಂದು ಅವಳು ಕಾಯಿಸಿ ಹಚ್ಚಿದ ಎಣ್ಣೆಯಿಂದ ನಮ್ಮಪ್ಪನ ಪಂಚೆಗಳು ಹಾಳಾದವೇ ಹೊರತು ಮಂಡಿ ಇದ್ದ ಹಾಗೇ ಇತ್ತು. ಆದರೆ ಮದ್ದು ಕೊಡುವುದರಲ್ಲಿ ಅವಳದು ಭಾರಿ ಕಟ್ಟುನಿಟ್ಟು. ದುಡ್ಡು ಮುಟ್ಟುತ್ತಿರಲಿಲ್ಲ. ಮದ್ದು ತಗೊಂಡವರು ಹೊರಡುವಾಗ “ಬರ್ತೀನಿ” ಅನ್ನುವಂತಿರಲಿಲ್ಲ, ಅಂದರೆ ಕಾಯಿಲೆಯೂ ಮತ್ತೆ ಬರುತ್ತದಂತೆ. ಸುಮ್ಮನೆ ಎದ್ದು ಹೋಗಬೇಕು. ಇನ್ನೊಂದು ಕಟ್ಟಳೆಯೂ ಇತ್ತು. ಅದು ನನಗೆ ಗೊತ್ತಾಗಿದ್ದು ಚನ್ನಗಿರಿಯಲ್ಲಿ, ಪ್ರಾಣ ಬಾಯಿಗೆ ಬಂದ ಹೊತ್ತಿನಲ್ಲಿ.

ಕೆಲವು ವರ್ಷದ ಕೆಳಗೆ ಅತ್ತೆಯ ಸ್ವಸಹಾಯ ಸಂಘದ ಹೆಂಗಸರು ಏನಾದರೂ ತಯಾರಿಸಿ ಮಾರೋಣ ಅಂದಾಗ, ಎಲ್ಲರೂ ಒಪ್ಪಿದ್ದು ಅವಳ ಮನೆಯ ಕಷಾಯದ ಪುಡಿಯನ್ನು. ಅವರ ಮನೆಯಲ್ಲಿ ಕಾಫಿಯ ಬದಲು ದಿನವೂ ಕುಡಿಯುವುದು ಅದನ್ನೇ, ಬೆಲ್ಲ ಹಾಲು ಹಾಕಿ. ನಮ್ಮ ಸಂಸ್ಥೆ ಸವಳಂಗದ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಕೋಣೆ ಬಾಡಿಗೆಗೆ ಹಿಡಿದು, ಪುಡಿ ಮಾಡುವ ಮಿಷನ್ ಇಟ್ಟುಕೊಟ್ಟಿತು.

ಆ ಕೋಣೆ ಬಂದ ಮೇಲೆ ಅತ್ತೆ ಬೇರೆಯೇ ಆಗಿಬಿಟ್ಟಳು. ಮಧ್ಯಾಹ್ನವಾದರೆ ಸಾಕು, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಡುವಳು. ಅಲ್ಲಿ ಹುರಿಯುವುದು, ಕೇರುವುದು, ಯಾರದೋ ಸೊಸೆಯ ಸುದ್ದಿ, ಗೊಳ್ಳೆಂದು ನಗು. ಮನೆಯಲ್ಲಿ ಅವಳು ಅಷ್ಟು ಜೋರಾಗಿ ನಕ್ಕಿದ್ದನ್ನು ನಾನು ಕೇಳಿಯೇ ಇರಲಿಲ್ಲ.

ಆದರೆ ಪುಡಿ ಮಾತ್ರ ಸಂಘದವರ ನೆಂಟರಿಷ್ಟರನ್ನು ದಾಟಿ ಆಚೆಗೆ ಹೋಗಲಿಲ್ಲ. ಸಾಸ್ವೆಹಳ್ಳಿಯ ಇನ್ನೊಂದು ಸಂಘದವರು ಆ ಮಿಷನ್ ನಮಗೆ ಕೊಡಿ ಎಂದು ದುಂಬಾಲು ಬಿದ್ದಿದ್ದರು. ನಮ್ಮ ಸಂಸ್ಥೆಯ ಮುಖ್ಯಸ್ಥರು, ನಾವೆಲ್ಲ ಸರ್ ಅನ್ನುವವರು, ಕೆಟ್ಟವರಲ್ಲ. ಆದರೂ ಹೇಳಿಬಿಟ್ಟರು: ಚನ್ನಗಿರಿಯ ಮಾರಾಟ ಮೇಳದಲ್ಲಿ ಒಬ್ಬ ಅಂಗಡಿಯವನಾದರೂ ಖಾಯಂ ಗಿರಾಕಿಯಾಗಿ ಸಿಗಬೇಕು, ಇಲ್ಲದಿದ್ದರೆ ಮಿಷನ್ನೂ ಕೋಣೆಯೂ ಸವಳಂಗಕ್ಕಿಲ್ಲ.

“ಆ ಕೋಣೆ ಹೋದ್ರೆ ನಾ ಎಲ್ಲಿಗೆ ಹೋಗ್ಲವ್ವ?” ಅಂದಳು ಅತ್ತೆ.

“ಮನೆ ಇಲ್ವಾ ಅತ್ತೆ?”

“ಮನೆ ಐತೆ. ಅದು ಎಲ್ರುದು.”



ಮೇಳಕ್ಕೆಂದು ಸರ್ ತಾವೇ ಕೂತು ಲೇಬಲ್ ಬರೆದರು. ಅವರಿಗೆ ಬರವಣಿಗೆಯ ಹುಚ್ಚು. ‘ಕಷಾಯದ ಪುಡಿ’ ಎಂದು ದಪ್ಪಕ್ಷರದಲ್ಲಿ, ಅದರ ಕೆಳಗೆ ‘ಕೆಮ್ಮು, ನೆಗಡಿ, ಕಫಗಳಿಗೆ ರಾಮಬಾಣ’ ಎಂದು ಕೆಂಪು ಬಣ್ಣದಲ್ಲಿ. ಪ್ರೆಸ್ಸಿನಿಂದ ಲೇಬಲ್ ಬಂದಿದ್ದು ಹಿಂದಿನ ದಿನ ಸಂಜೆ. ನಾನೇ ಪಿನ್ ಹೊಡೆದು, ಬಂದವರಿಗೆ ರುಚಿ ತೋರಿಸಲು ಸ್ಟೌ, ಹಾಲು, ಬೆಲ್ಲದ ಜೊತೆ ಬೆಳಿಗ್ಗೆ ಚನ್ನಗಿರಿಗೆ ತಂದೆ. ಅತ್ತೆ ಬಸ್ಸಿಳಿದು ಬಂದವಳು ನಮ್ಮ ಮಳಿಗೆಯಲ್ಲಿ ಒಂದು ಪೊಟ್ಟಣ ಎತ್ತಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಓದಿ ಸುಮ್ಮನೆ ಕುರ್ಚಿಯಲ್ಲಿ ಕೂತಳು. ಆಮೇಲೆ ಅವಳ ಬಾಯಿಂದ ಒಂದು ಮಾತಿಲ್ಲ.

ಅತ್ತೆಯ ಗಂಟಲು ಸಾಮಾನ್ಯದ್ದಲ್ಲ. ಅವಳು ಮನೆ ಮುಂದೆ ನಿಂತು ಕೂಗಿದರೆ ಕೆರೆ ಏರಿಯ ಮೇಲಿರುವ ಎಮ್ಮೆ ತಿರುಗಿ ನೋಡುತ್ತದೆ. ಅಂಥವಳು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಾಳೆ! ಪಕ್ಕದ ಮಳಿಗೆಯಲ್ಲಿ ಜಗಳೂರು ಕಡೆಯ ಸೊಕ್ಕೆಯ ರುದ್ರಮ್ಮ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಪುಡಿ ಇಟ್ಟುಕೊಂಡು, ಹೋಗುವವರನ್ನೆಲ್ಲ ಕೈಹಿಡಿದು ಎಳೆಯುವುದೊಂದು ಬಾಕಿ. ಜನ ಅಲ್ಲಿ ತಿಂದು, ಬಾಯಿ ಒರೆಸಿಕೊಂಡು, ನಮ್ಮನ್ನು ದಾಟಿ ಹೋಗುತ್ತಿದ್ದರು.

“ಯಾಕ್ರೀ, ನಿಮ್ಮತ್ತೆ ಸಾವಿನ ಮನೆಗೆ ಬಂದಂಗೆ ಕುಂತಾರೆ?” ಅಂದಳು ರುದ್ರಮ್ಮ.

ಕೊನೆಗೊಬ್ಬ ಮುದುಕರು ಬಂದರು. “ಇದು ಕೆಮ್ಮಿಗೆ ಆಗ್ತತೇನವ್ವ?” ಅಂತ ಕೇಳಿದರು. ಅತ್ತೆ ತಟಕ್ಕನೆ ಎದ್ದು ಒಂದು ಪೊಟ್ಟಣ ಅವರ ಕೈಗಿಟ್ಟಳು. ಅವರು ದುಡ್ಡು ತೆಗೆದರೆ, “ದುಡ್ಡು ಬ್ಯಾಡ್ರಿ. ಬರ್ತೀನಿ ಅನ್ಬ್ಯಾಡ್ರಿ, ಹಂಗೇ ಹೋಗ್ರಿ” ಅಂದಳು.

“ಅತ್ತೆ, ನಾವು ಬಂದಿರೋದು ಮಾರಾಕೆ! ಕೋಣೆ ಬ್ಯಾಡ್ವಾ ನಿಂಗೆ?”

“ಬೇಕು. ನಿಮ್ ಸಾಹೇಬ್ರು ಇದನ್ನ ಮದ್ದು ಅಂತ ಬರದಾರಲ್ಲ, ನಾ ಏನ್ ಮಾಡ್ಲಿ? ಮದ್ದಿಗೆ ದುಡ್ಡು ತಗಳಂಗಿಲ್ಲ. ಅವರಾಗೇ ಬಂದು ಕೇಳೋವರ್ಗೂ ತಗಳ್ರಿ ಅಂತ ಅನ್ನಂಗಿಲ್ಲ. ಕರೆದು ಕರೆದು ಮದ್ದು ಕೊಟ್ರೆ, ಕಾಯಿಲೆ ಬರ್ಲಿ ಅಂತ ಕರೆದಂಗೆ ಆಗಲ್ವೇನವ್ವ?”

ಅವಳ ಕಣ್ಣು ತುಂಬಿತ್ತು. ಕೋಣೆ ಕೈಬಿಟ್ಟು ಹೋಗುವುದು ಅವಳಿಗೂ ಕಾಣುತ್ತಿತ್ತು. ಆದರೂ ಅವಳು ಜಗ್ಗುವವಳಲ್ಲ. ನನಗೆ ಸಿಟ್ಟು, ಅಳು, ಹಸಿವು ಮೂರೂ ಒಟ್ಟಿಗೆ ಬಂದವು. ಹಸಿವಿಗಾದರೂ ಪರಿಹಾರವಿತ್ತು. ರುದ್ರಮ್ಮನ ರೊಟ್ಟಿ ತಿಂದೆ.

ರೊಟ್ಟಿ ಇನ್ನೂ ಬಾಯಲ್ಲಿರುವಾಗಲೇ, ಮೇಳದವರು ಕರೆಸಿದ್ದ, ಮಳಿಗೆಯಿಂದ ಮಳಿಗೆಗೆ ಸಲಹೆ ಕೊಡುತ್ತ ಬರುತ್ತಿದ್ದ ಮೇಡಂ ಒಬ್ಬರು ನಮ್ಮಲ್ಲಿಗೂ ಬಂದರು. ಲೇಬಲ್ ಓದಿ ಹುಬ್ಬು ಗಂಟಿಕ್ಕಿದರು.

“ಇದು ಹಿಂಗೆ ಬರೆಯಂಗಿಲ್ಲ ಕಣ್ರೀ. ಕಾಯಿಲೆ ವಾಸಿ ಮಾಡುತ್ತೆ ಅಂದ್ರೆ ಔಷಧ ಆಗುತ್ತೆ, ಅದಕ್ಕೆ ಬೇರೆ ಲೈಸೆನ್ಸ್ ಬೇಕು. ನಿಮ್ಮತ್ರ ಇರೋದು ಆಹಾರದ ನೋಂದಣಿ. ಈ ಕೆಂಪು ಸಾಲು ಈಗ್ಲೇ ತೆಗೀರಿ.”

ಇದ್ದ ಕಷ್ಟ ಸಾಲದೆಂಬಂತೆ ಇದೊಂದು! ರುದ್ರಮ್ಮನ ಹತ್ತಿರ ಕತ್ತರಿ ಇಸಿದುಕೊಂಡು ರಾಮಬಾಣವನ್ನು ಕಚಕಚ ಕತ್ತರಿಸತೊಡಗಿದೆ. ಅತ್ತೆ ಮೇಡಂ ಹತ್ತಿರ ಹೋದಳು.

“ಹಂಗಾರೆ ಇದು ಮದ್ದಲ್ಲ ಅಂತೀರಾ?”

“ಅಲ್ಲಮ್ಮ. ಕಾಫಿಪುಡಿ ಇದ್ದಂಗೆ.”

“ಸರ್ಕಾರದೋರೂ ಹಂಗೇ ಅಂತಾರಾ?”

“ಕಾನೂನೇ ಹಂಗೆ ಹೇಳುತ್ತೆ.”

ಅತ್ತೆಯ ಮುಖ ನೋಡಬೇಕಿತ್ತು ನೀವು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ಅದನ್ನೇ ನಾನೂ ಅಂತಿದ್ದೆ ಬೆಳಿಗ್ಗಿಂದ! ಕಷಾಯ ಅಂದ್ರೆ ಬಂದೋರಿಗೆ ಕೊಡೋದು. ಅವರು ಬಾಯಿಬಿಟ್ಟು ಕೇಳೋವರ್ಗೂ ಸುಮ್ಕಿದ್ರೆ ನಮ್ ಮರ್ಯಾದೆ ಏನಾಗ್ಬೇಕು? ಸ್ಟೌ ಹಚ್ಚೇ!” ಅಂತ ನನಗೆ ಗದರಿದಳು. ಬೆಳಿಗ್ಗೆಯಿಂದ ತಡೆದಿಟ್ಟಿದ್ದ ಗಂಟಲನ್ನು ಒಮ್ಮೆಗೇ ಬಿಟ್ಟಳು. “ಬರ್ರೀ ಅಣ್ಣಾರೇ, ಹಂಗೇ ಹೋಗ್ತೀರಲ್ಲ! ಕಷಾಯ ಕುಡುದು ಹೋಗ್ರಿ!” ಚಟ್ನಿಪುಡಿ ಕೊಳ್ಳುತ್ತಿದ್ದವರೂ ತಿರುಗಿ ನೋಡಿದರು. ಬಂದವರನ್ನೆಲ್ಲ ಮನೆಗೆ ಬಂದ ನೆಂಟರಂತೆ ಗದರಿ ಕುಡಿಸಿದಳು, ಒಲ್ಲೆ ಅಂದವರಿಗೆ ಇನ್ನರ್ಧ ಲೋಟ. ದುಡ್ಡು ಇಸಿದುಕೊಳ್ಳುವಾಗ ಒಂದಿಷ್ಟೂ ಸಂಕೋಚಪಡಲಿಲ್ಲ, ಅದು ಪೊಟ್ಟಣದ ದುಡ್ಡು. ಸಂಜೆ ಮಳಿಗೆ ಬಿಚ್ಚುವ ಹೊತ್ತಿಗೆ, ಎರಡು ಸಲ ಬಂದು ಕುಡಿದು ಹೋಗಿದ್ದ ಚನ್ನಗಿರಿಯದೇ ಒಂದು ಕಾಂಡಿಮೆಂಟ್ಸ್ ಅಂಗಡಿಯವರು ಮತ್ತೆ ಬಂದು, ವಾರವಾರ ಕಳಿಸುತ್ತೀರಾ ಎಂದು ಕೇಳಿದರು. ನಾನು ಅಲ್ಲೇ ರಟ್ಟಿನ ಪೆಟ್ಟಿಗೆಯ ಮೇಲೆ ಅಂಗಡಿಯ ವಿಳಾಸ ಬರೆದುಕೊಂಡೆ. ಅತ್ತೆ ಸೊಂಟದ ಬೀಗದ ಕೈಯನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು.

ಕೋಣೆ ಈಗಲೂ ಅತ್ತೆಯ ಸಂಘದವರದೇ, ಬಾಡಿಗೆ ಅವರೇ ಕಟ್ಟುತ್ತಾರೆ. ನಮ್ಮ ಸರ್ ಈಗ ಲೇಬಲ್ ಬರೆಯುವುದಿಲ್ಲ.

ಬೀರುವಿನ ಮುಂದೆ ಆ ಪೊಟ್ಟಣ ಹಿಡಿದು ನಿಂತಾಗ ಹೋದ ಭಾನುವಾರ ನೆನಪಾಯಿತು. ಅತ್ತೆಯ ಮನೆಯಲ್ಲಿ ಕೂತು ಗೂರುಗೂರು ಕೆಮ್ಮಿದ್ದೆ. ಅವಳು ಕಷಾಯ ಕೊಟ್ಟಳು, ಊಟ ಹಾಕಿದಳು, ಮಾತಿನ ಮಧ್ಯೆ ನನ್ನ ಮುಖವನ್ನೇ ನೋಡುತ್ತಿದ್ದಳು. ಮದ್ದಿನ ಮಾತೇ ಎತ್ತಲಿಲ್ಲ. ಊರಿಗೆಲ್ಲ ಕೊಡುವವಳು ನನಗೇಕೆ ಕೊಡಲಿಲ್ಲ ಎಂದು ಬಸ್ಸಿನಲ್ಲಿ ಮುನಿಸಿಕೊಂಡು ಬಂದಿದ್ದೆ ಬೇರೆ. ದಿನಾ ಹತ್ತು ಜನರಿಗೆ ‘ನಿಮಗೇನು ಬೇಕು ಹೇಳಿ’ ಅನ್ನುವುದು ನನ್ನ ಉದ್ಯೋಗ. ನನಗೇನು ಬೇಕು ಎಂದು ಹೇಳುವ ಅಭ್ಯಾಸ ಮಾತ್ರ ಇಲ್ಲ.

ಫೋನ್ ಮಾಡಿದೆ. “ಅತ್ತೆ, ನಂಗೆ ಕೆಮ್ಮು. ಮದ್ದು ಕೊಡ್ತೀಯಾ?”

“ಹೋದ ಭಾನುವಾರನೇ ದೊಡ್ಡಪತ್ರೆ ಕಿತ್ತು ಇಟ್ಕಂಡಿದ್ದೆ ಕಣವ್ವ. ನೀ ಕೇಳ್ಲೇ ಇಲ್ಲ. ಬಾಡಿ ಹೋತು” ಅಂದಳು.

ಅರ್ಧ ದಿನ ರಜೆ ಹಾಕಿ ನ್ಯಾಮತಿ ಮೇಲೆ ಹೋಗುವ ಬಸ್ಸು ಹತ್ತಿದೆ. ನಾನು ಹೋಗುವಷ್ಟರಲ್ಲಿ ಹೆಂಚು ಕಾದಿತ್ತು, ಹೊಸ ಎಲೆ ಬಾಡಿತ್ತು. ರಸ ಕುಡಿದೆ, ಎದ್ದೆ. ಹೊಸ್ತಿಲು ದಾಟುವಾಗ “ಬರ್ತೀನಿ ಅತ್ತೆ” ಎನ್ನುವುದು ನಾಲಿಗೆ ತುದಿಗೆ ಬಂತು. ಜೇನಿನ ಜೊತೆ ಅದನ್ನೂ ನುಂಗಿಕೊಂಡೆ. ತಿರುಗಿ ನೋಡದೆ ಬೀದಿಗಿಳಿದೆ. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿರುವುದು ಬೆನ್ನಿಗೆ ಗೊತ್ತಾಗುತ್ತಿತ್ತು.