ಸಿಟ್ಟು ಹೋಯಿತು, ವ್ಯಾಯಾಮವೂ ಹೋಯಿತು

ಗಂಡಸಿನ ಹೆಸರಿನಲ್ಲಿ ಮೂವತ್ತಮೂರು ವರ್ಷ ಬದುಕಿದ ಮೇಲೆ, ನಾನು ಹೆಣ್ಣು ಎಂದು ಮೊದಲು ಹೇಳಿದ್ದು ಅಕ್ಕನಿಗೆ. ಬಹ್ರೈನಿನ ರಿಫಾದಲ್ಲಿದ್ದ ನಮ್ಮ ಫ್ಲ್ಯಾಟಿನ ಅಡುಗೆಮನೆಯಲ್ಲಿ ಅವಳು ಬಂಗುಡೆ ತೊಳೆಯುತ್ತಿದ್ದಳು. ಉಳಿದ ಮೂರು ಮೀನನ್ನೂ ತೊಳೆದು ಮುಗಿಸಿ, "ಈಗ ನಾನು ಎಂತ ಮಾಡ್ಬೇಕು?" ಎಂದು ಕೇಳಿದಳು.

"ಎಂತದೂ ಬೇಡ."

"ಹಾಗಾದ್ರೆ ಕಾಯಿ ತುರಿ."

ಆಮೇಲೆ ಬಾತ್‌ರೂಮಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅರ್ಧ ಗಂಟೆ ಅತ್ತಳು. ಊದಿದ ಕಣ್ಣಿನಲ್ಲೇ ಬಂದು ನನಗೆ ಊಟ ಬಡಿಸಿದಳು. ಮುಂದಿನ ರಜೆಯಲ್ಲಿ ಬೆಂಗಳೂರಿನ ಡಾಕ್ಟರ ಬಳಿಗೆ ನನ್ನ ಜೊತೆ ಅವಳೂ ಬಂದಳು. ಅವಳು ನರ್ಸ್. ಹಾರ್ಮೋನ್ ಮಾತ್ರೆಗಳ ಬಗ್ಗೆ ನನಗಿಂತ ಹೆಚ್ಚು ಪ್ರಶ್ನೆ ಕೇಳಿದ್ದು ಅವಳೇ.

ಅದಕ್ಕೂ ಮೊದಲು ನನ್ನ ಸಿಟ್ಟು ಪ್ರಸಿದ್ಧವಾಗಿತ್ತು. ಅಲ್ಯೂಮಿನಿಯಂ ಕಿಟಕಿ ಮಾಡುವ ಕಂಪನಿಯಲ್ಲಿ ನನ್ನದು ನಕ್ಷೆ ಬಿಡಿಸುವ ಕೆಲಸ. ಸೈಟಿನಿಂದ ಅಳತೆ ತಪ್ಪಿ ಬಂದರೆ ಸ್ಕೇಲು ಗೋಡೆಗೆ ಹಾರುತ್ತಿತ್ತು. ಹಮದ್ ಟೌನಿನ ಸೈಟಿಗೆ ಹೋಗುವಾಗ ಒಂದೊಂದು ರೌಂಡ್‌ಎಬೌಟಿನಲ್ಲೂ ಹಾರ್ನ್ ಒತ್ತಿ ಒತ್ತಿ ಹೆಬ್ಬೆರಳು ನೋಯುತ್ತಿತ್ತು. ಕೆಲಸ ಮುಗಿದ ಮೇಲೆ ಈ ಸಿಟ್ಟೇ ನನ್ನನ್ನು ಸೆಗಯಾದ ಜಿಮ್ಮಿಗೆ ಎಳೆದೊಯ್ಯುತ್ತಿತ್ತು. ಅಲ್ಲಿ ಕನ್ನಡಿ ಕಾಣದ ಒಂದು ಮೂಲೆ ನನ್ನದು. ಭಾರ ಎತ್ತುತ್ತಿದ್ದೆ, ತೂಗುಹಾಕಿದ ಚೀಲಕ್ಕೆ ಗುದ್ದುತ್ತಿದ್ದೆ. "ಭಾಯ್, ಕ್ಯಾ ಡೆಡಿಕೇಶನ್ ಹೈ!" ಎಂದು ಜನ ಬೆನ್ನು ತಟ್ಟುತ್ತಿದ್ದರು. ನಾನು ಗುದ್ದುತ್ತಿದ್ದದ್ದು ನನ್ನ ಮೈಯನ್ನೇ ಎಂದು ಅವರಿಗೇನು ಗೊತ್ತು? ಭುಜ ಅಗಲವಾದಷ್ಟೂ ಸಿಟ್ಟು ಬರುತ್ತಿತ್ತು, ಸಿಟ್ಟು ಬಂದಷ್ಟೂ ಭುಜ ಅಗಲವಾಗುತ್ತಿತ್ತು.

ಮಾತ್ರೆ ಶುರುವಾಗಿ ಕೆಲವು ತಿಂಗಳಾಗಿದ್ದವು. ನಾನು ಮೊದಲ ಬಾರಿಗೆ ಕೊಂಡಿದ್ದ ಹಳದಿ ಕುರ್ತಾವನ್ನು ಅಕ್ಕ ತನ್ನ ಕೆಂಪು ಚೂಡಿದಾರದ ಜೊತೆ ವಾಷಿಂಗ್ ಮೆಷಿನ್ನಿಗೆ ಹಾಕಿಬಿಟ್ಟಳು. ಹೊರಗೆ ಬಂದದ್ದು ಅಲ್ಲಲ್ಲಿ ಗುಲಾಬಿ, ಅಲ್ಲಲ್ಲಿ ಕಿತ್ತಳೆ. ನಾನು ಫ್ಲ್ಯಾಟು ನಡುಗುವಂತೆ ಕೂಗಾಡಿದೆ. ಅವಳೂ ಬಿಡಲಿಲ್ಲ.

"ಒಂದು ಕುರ್ತಾಕ್ಕೆ ಇಷ್ಟು ಬೊಬ್ಬೆ ಹೊಡಿಬೇಡ ಮಾರಾಯ್ತಿ!"

ಹುಟ್ಟಿದಾಗಿನಿಂದ ನಾನು ಅವಳಿಗೆ ಮಾರಾಯ. ಈ ಮಾರಾಯ್ತಿ ಅವಳು ಯೋಚಿಸಿ ಆಡಿದ ಮಾತಲ್ಲ, ಜಗಳದ ಭರದಲ್ಲಿ ತಾನಾಗಿ ಜಾರಿದ್ದು. ನನ್ನ ಬಾಯಿ ಇನ್ನೂ ತೆರೆದೇ ಇತ್ತು, ಒಳಗೆ ಸಿಟ್ಟು ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ.

"ಇನ್ನೊಮ್ಮೆ ಹೇಳು."

"ಎಂತದ್ದು?"

"ಈಗ ಹೇಳಿದ್ದು."

ಅವಳು ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡಿದಳು. "ಮಾರಾಯ್ತಿ," ಎಂದಳು. ನಾನು ನೆಲಕ್ಕೆ ಕುಸಿದು ನಗತೊಡಗಿದೆ. ಅವಳಿಗೂ ನಗು ಹತ್ತಿತು, ನಕ್ಕು ನಕ್ಕು ಬಿಕ್ಕಳಿಕೆ ಬಂತು. ನಾನು ಆ ಬಣ್ಣಗೆಟ್ಟ ಕುರ್ತಾವನ್ನೇ ತೊಟ್ಟು ಸಂಜೆಯವರೆಗೆ ಮನೆಯೆಲ್ಲ ಸುತ್ತಾಡಿದೆ.

ತೊಂದರೆ ಶುರುವಾದದ್ದು ಆಮೇಲೆ. ಜಿಮ್ಮಿಗೆ ಹೋಗಿ ಆ ಚೀಲದ ಮುಂದೆ ನಿಂತರೆ, ಅದರ ಮೇಲೆ ನನಗೆ ಯಾವ ದ್ವೇಷವೂ ಇಲ್ಲ! ಪಾಪ, ಇಷ್ಟು ವರ್ಷ ಎಷ್ಟು ಗುದ್ದು ತಿಂದಿತು ಎನ್ನಿಸಿ ಸವರಿ ಬಂದೆ. ಸಿಟ್ಟು ಬರಿಸಿಕೊಳ್ಳಲೂ ನೋಡಿದೆ. ಶಾಲೆಯಲ್ಲಿ "ಹೆಣ್ಣಿಗನ ಹಾಗೆ ನಡೆಯಬೇಡ" ಎಂದು ಎಲ್ಲರೆದುರು ಕುಂಡೆಗೆ ಬಾರಿಸಿದ್ದ ಪಿ.ಟಿ. ಮೇಷ್ಟ್ರನ್ನು ನೆನೆಸಿಕೊಂಡೆ. ನೆನಪಾದದ್ದು ಅವರ ಬಾಯಿಂದ ಪದೇ ಪದೇ ಬೀಳುತ್ತಿದ್ದ ಸೀಟಿ. ಡಂಬೆಲ್ ಕೈಯಲ್ಲಿ ಹಿಡಿದು ಕಿಸಕ್ಕನೆ ನಕ್ಕೆ. ಪಕ್ಕದವನು ಸ್ವಲ್ಪ ದೂರ ಸರಿದ.

ಜಿಮ್ ಬಿಟ್ಟೇಬಿಟ್ಟೆ. ಸೋಫಾದ ಮೇಲೆ ಒರಗಿ ಚಿಪ್ಸ್ ತಿನ್ನುತ್ತ ಪರಮಸುಖದಲ್ಲಿದ್ದೆ. ಒಂದು ದಿನ ವೀಡಿಯೊ ಕಾಲಿನಲ್ಲಿ ಡಾಕ್ಟರು, "ಮೂಳೆಗೆ, ಹೃದಯಕ್ಕೆ ಒಳ್ಳೇದು, ವ್ಯಾಯಾಮ ಮಾಡ್ತಿದ್ದೀರಿ ತಾನೇ?" ಎಂದರು. ಹಿಂದೆ ನಿಂತಿದ್ದ ಅಕ್ಕ ನನಗಿಂತ ಮೊದಲೇ, "ಇಲ್ಲ ಡಾಕ್ಟ್ರೇ, ಕೂತಲ್ಲಿಂದ ಏಳುದೇ ಇಲ್ಲ," ಎಂದು ಚಾಡಿ ಹೇಳಿದಳು.

ಹಾಗಾಗಿ ಆ ಶುಕ್ರವಾರ ಬೆಳಿಗ್ಗೆ ನನ್ನನ್ನು ವಾಕಿಂಗಿಗೆ ಹೊರಡಿಸಿದಳು. ಜನವರಿಯ ತಣ್ಣನೆ ಗಾಳಿ. ಟ್ರ್ಯಾಕ್ ಪ್ಯಾಂಟಿನ ಮೇಲೆ ಉದ್ದನೆಯ ಕುರ್ತಾ, ಕಿವಿ ಮುಚ್ಚುವಷ್ಟು ಬೆಳೆದ ಕೂದಲಿಗೆ ಅಕ್ಕನ ಕ್ಲಿಪ್ಪು. ಹೀಗೆ ಹೊರಗೆ ಬಂದದ್ದು ಅದೇ ಮೊದಲು. ಹೆದರಿ ಅಕ್ಕನ ತೋಳು ಹಿಡಿದೇ ನಡೆದೆ. ಪಾರ್ಕಿನಲ್ಲಿ ನಮ್ಮ ಮೇಲಿನ ಮಹಡಿಗೆ ಹೊಸದಾಗಿ ಬಂದಿದ್ದ ಮಂಗಳೂರಿನ ಕ್ಯಾಥೊಲಿಕ್ ಆಂಟಿ ಎದುರಾದರು.

"ಇವರು ಯಾರು?"

ಅಕ್ಕ ತಡವರಿಸಲೇ ಇಲ್ಲ. "ನನ್ನ ತಂಗಿ. ನನ್ನೊಟ್ಟಿಗೇ ಇರುದು."

"ಹೌದಾ! ಮೂಗು ನಿಮ್ಮದೇ ಉಂಟು. ಎತ್ತರ ಮಾತ್ರ ಜಾಸ್ತಿ."

"ಅದು ಅಪ್ಪನ ಹಾಗೆ," ಎಂದಳು ಅಕ್ಕ.

ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಅಕ್ಕನ ತೋಳು ಬಿಟ್ಟು ಓಡತೊಡಗಿದೆ. "ಏ, ಎಲ್ಲಿಗೆ ಓಡ್ತಿ?" ಎಂದು ಅಕ್ಕ ಕೂಗಿದಳು. ನನಗೇನು ಗೊತ್ತು! ಪಾರ್ಕಿಗೆ ಒಂದು ಸುತ್ತು ಹಾಕಿ ಹಿಂದಿನಿಂದ ಬಂದು ಅವರಿಬ್ಬರನ್ನೂ ದಾಟಿ ಹೋದೆ. ಆಂಟಿ ಚಪ್ಪಾಳೆ ತಟ್ಟಿದರು. ಎರಡನೆಯ ಸುತ್ತಿಗೇ ಪಕ್ಕೆ ಹಿಡಿದುಕೊಂಡಿತು, ಮೊದಲಿನ ಶಕ್ತಿ ಎಲ್ಲಿ ಉಳಿದಿತ್ತು? ಬೆಂಚಿನ ಮೇಲೆ ಕೂತಿದ್ದ ಬಹ್ರೈನಿ ಅಜ್ಜ ಅಂಗೈ ಕೆಳಗೆ ಮಾಡಿ ತೋರಿಸುತ್ತ, "ಶ್ವೈ ಶ್ವೈ," ನಿಧಾನ ನಿಧಾನ ಎಂದು ಎಚ್ಚರಿಸಿದರು. ನಾನು ಏದುಸಿರು ಬಿಡುತ್ತ ಅವರಿಗೊಂದು ಸಲಾಂ ಹೊಡೆದು ಮೂರನೆಯ ಸುತ್ತಿಗೆ ಹೊರಟೆ.

ಈಗ ವಾರದಲ್ಲಿ ನಾಲ್ಕು ದಿನ ಓಡುತ್ತೇನೆ. ಬಹಳ ನಿಧಾನ. ಆಫೀಸಿನಲ್ಲಿ, ಕಾಗದಪತ್ರಗಳಲ್ಲಿ ಇನ್ನೂ ಹಳೆಯ ಹೆಸರೇ. ಕೆಲವು ದಿನ ಅದಕ್ಕೆ ಸಿಟ್ಟೂ ಬರುತ್ತದೆ, ಆದರೆ ಕಾರಿನವರೆಗೆ ನಡೆಯುವಷ್ಟರಲ್ಲಿ ಇಳಿದಿರುತ್ತದೆ. ಹೋದ ವಾರ ಶೂ ತರಲು ಅಕ್ಕನ ಜೊತೆ ಹೋಗಿದ್ದೆ. ಹೆಂಗಸರ ಶೂಗಳಲ್ಲಿ ನನ್ನ ಪಾದದ ಅಳತೆಯದು ಒಂದೂ ಸಿಗಲಿಲ್ಲ. ಕೊನೆಗೆ ಗಂಡಸರ ಕಡೆ, ಕೆಳಗಿನ ಸಾಲಿನಲ್ಲಿ, ಹಸಿರು ಲೇಸಿನ ನೇರಳೆ ಜೋಡಿಯೊಂದು ಸಿಕ್ಕಿತು.

"ಇಷ್ಟು ಕಣ್ಣಿಗೆ ಹೊಡಿಯುವ ಬಣ್ಣ ಬೇಕಿತ್ತಾ?" ಎಂದಳು ಅಕ್ಕ.

ಬೇಕೇ ಬೇಕಿತ್ತು. ಅಂಗಡಿಯಲ್ಲೇ ಹಾಕಿಕೊಂಡು ಹೊರಬಿದ್ದೆ.